ಎಡಮೂಲೆಯ ಮುಖ

ಶಿವಾಜಿನಗರದ ಒಂದು ಗಲ್ಲಿಯಲ್ಲಿ ಅಪ್ಪ ಇಟ್ಟಿದ್ದ ಸ್ಟುಡಿಯೋ ನನ್ನ ಕೈಗೆ ಬಂದಾಗ ಪಾಸ್‌ಪೋರ್ಟ್ ಫೋಟೋ, ಮದುವೆ ಫೋಟೋ ಎಲ್ಲ ಇದ್ದವು. ಆದರೆ ಅಂಗಡಿಗೆ ಹೆಸರು ಬಂದದ್ದು ಹಾರ ಹಾಕುವ ಫೋಟೋಗಳಿಂದ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಜನ ಹಳೆಯ ಗ್ರೂಪ್ ಫೋಟೋ ಹಿಡಿದುಕೊಂಡು ಬರುತ್ತಾರೆ. ಮೂರನೇ ಸಾಲಿನಲ್ಲಿ ಯಾರದೋ ಭುಜದ ಹಿಂದೆ ಅರ್ಧ ಕಾಣುವ ತಲೆಯ ಮೇಲೆ ಬೆರಳಿಟ್ಟು, "ಇವ್ರನ್ನ ದೊಡ್ಡದು ಮಾಡ್ಕೊಡಿ" ಅನ್ನುತ್ತಾರೆ. ನಾನು ಆ ತಲೆಯನ್ನು ಬಿಡಿಸಿ, ಕೆಳಗೆ ಭುಜ ಕೂರಿಸಿ, ಹಿಂದೆ ನೀಲಿ ಬಣ್ಣ ಬಳಿದು ಕೊಡುತ್ತೇನೆ. ಇಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ ಸರಿಯಾಗಿ ಆಗದೇ ಹೋದ ಮುಖ ಒಂದೇ ಒಂದು. ಒಬ್ಬರು ತಮ್ಮ ತಾಯಿಯ ಮುಖ ಕೇಳಿಕೊಂಡು ಬಂದಿದ್ದರು, ಮತ್ತು ಅದನ್ನು ಫೋಟೋದಿಂದ ಕತ್ತರಿಸಿ ಬಿಸಾಡಿ ಅಂತ ಅವರಿಗೆ ಹೇಳಿದ್ದವಳು ನಾನೇ.

ಅದು ಹೇಗಾಯಿತು ಅಂತ ಹೇಳಬೇಕಾದರೆ ಮೊದಲು ಆ ಕ್ಲಬ್ಬಿನವರ ವಿಷಯ ಹೇಳಬೇಕು. ಹೇಳುವುದಕ್ಕೆ ನನಗೇನೂ ಬೇಜಾರಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಇಂದಿರಾನಗರದ ಒಂದು ಶಾಲೆಯ ಹಾಲಿನಲ್ಲಿ ತಿಂಗಳಿಗೊಂದು ಭಾನುವಾರ ಹವ್ಯಾಸಿ ಫೋಟೋಗ್ರಾಫರುಗಳು ಸೇರುತ್ತಿದ್ದರು. ಅಧ್ಯಕ್ಷರು ಹಲ್ಲಿನ ಡಾಕ್ಟರು. ಸದಸ್ಯರಲ್ಲಿ ಬ್ಯಾಂಕಿನವರು, ಫ್ಯಾಕ್ಟರಿಯವರು, ಕೈತುಂಬ ಬಾಡಿಗೆ ಬರುವ ಒಂದಿಬ್ಬರು ಕಟ್ಟಡದ ಮಾಲೀಕರು. ಹದಿನಾಲ್ಕು ಜೇಬಿನ ಜಾಕೆಟ್ಟು ಎಲ್ಲರಿಗೂ ಕಡ್ಡಾಯವೇನೋ ಅನ್ನುವ ಹಾಗೆ ಹಾಕಿಕೊಂಡು ಬರುತ್ತಿದ್ದರು. ಆ ಜೇಬುಗಳಲ್ಲಿ ಏನಿರುತ್ತಿತ್ತೋ ದೇವರೇ ಬಲ್ಲ, ಒಬ್ಬರೂ ಒಂದು ಜೇಬಿಗೆ ಕೈ ಹಾಕಿದ್ದನ್ನು ನಾನು ನೋಡಿಲ್ಲ. ತೀರ್ಪುಗಾರರಲ್ಲಿ ಹೆಂಗಸೊಬ್ಬಳಿರಲಿ ಅಂತ ಡಾಕ್ಟರೇ ಅಂಗಡಿಗೆ ಬಂದು ನನ್ನನ್ನು ಕರೆದರು. ಹೋದ ಮೊದಲನೇ ದಿನ "ಮೇಡಂ ಕಮರ್ಷಿಯಲ್ ಲೈನ್‌ನವ್ರು" ಅಂತ ಪರಿಚಯ ಮಾಡಿಕೊಟ್ಟರು. ಫೋಟೋ ತೆಗೆದು ಹೊಟ್ಟೆ ಹೊರೆಯುವವರನ್ನು ಕಂಡರೆ ಅವರಿಗೆ ಒಂಥರಾ ಮೈಲಿಗೆ. ಆ ಮಾತು ಕೇಳಿದ ಮೇಲೆ ಅಲ್ಲಿ ಯಾರಿಗೂ ಹತ್ತಕ್ಕೆ ಏಳಕ್ಕಿಂತ ಜಾಸ್ತಿ ಕೊಡಬಾರದು ಅಂತ ತೀರ್ಮಾನ ಮಾಡಿಕೊಂಡೆ.

ಕೊಡುವಂಥದ್ದಾದರೂ ಏನಿತ್ತು? ಪ್ರತಿ ತಿಂಗಳೂ ಅದೇ ಸುಕ್ಕುಗಟ್ಟಿದ ಮುದುಕ. ನನ್ನ ಅಂಗಡಿಯಿಂದ ಎರಡು ಗಲ್ಲಿ ಆಚೆ ಕೂರುತ್ತಿದ್ದ ಆ ಮುದುಕನನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಕ್ಯಾಮೆರಾದವರು ಬಂದರೆ ಮೊದಲು ಚಹಾ, ಬೆಣ್ಣೆ ಹಚ್ಚಿದ ಬನ್ನು. ಅದಾದ ಮೇಲೆ ಇಸ್ತ್ರಿ ಮಾಡಿದ ಅಂಗಿ ಬಿಚ್ಚಿ ಪಕ್ಕಕ್ಕಿಟ್ಟು, ಹರಕು ಶಾಲು ಹೊದ್ದು, ಬೀಡಿ ಹಚ್ಚಿ, "ಧುವಾಂ ಛೋಡ್ನಾ ಕ್ಯಾ ಸಾಬ್?" ಅಂತ ಕೇಳುತ್ತಿದ್ದ, ಹೊಗೆ ಬಿಡಲಾ ಅಂತ. ಒಂದು ತಿಂಗಳಂತೂ ಅವನ ಏಳು ಫೋಟೋ ಸ್ಪರ್ಧೆಗೆ ಬಂದವು. ಒಂದರ ಹೆಸರು ಏಕಾಂತ, ಇನ್ನೊಂದರದು ಬಾಳಸಂಜೆ, ಮತ್ತೊಂದರದು ಹಸಿವು. ಬೆಣ್ಣೆ ಬನ್ನು ತಿಂದು ಬಾಯಿ ಒರೆಸಿಕೊಂಡವನ ಫೋಟೋಗೆ ಹಸಿವು ಅಂತ ಹೆಸರಿಡುವ ಧೈರ್ಯ ಬೇರೆ ಯಾರಿಗೆ ಬರಬೇಕು! ಡಾಕ್ಟರು ಅದಕ್ಕೆ ಎಂಟು ಕೊಟ್ಟರು.

ನನ್ನ ಅಂಗಡಿಯಲ್ಲಿ ಅಜ್ಜಿಯರು ಕೂತು, "ಈ ಗೆರೆ ಎಲ್ಲ ತೆಗ್ದುಬಿಡಮ್ಮ, ಮೊಮ್ಮಗಳ ಮದ್ವೆ ಕಾರ್ಡಿಗೆ ಹಾಕ್ತಾರೆ" ಅನ್ನುತ್ತಿದ್ದರು. ನಾನು ಸೀಸದ ಕಡ್ಡಿ ಚೂಪು ಮಾಡಿಕೊಂಡು ನೆಗೆಟಿವ್ ಮೇಲೆ ಒಂದೊಂದೇ ಸುಕ್ಕು ಅಳಿಸುತ್ತಿದ್ದೆ. ಇವರೋ, ಅದೇ ಸುಕ್ಕಿಗೆ ಬೆಳಗ್ಗೆ ಎದ್ದು ಲೆನ್ಸು ಹೊತ್ತುಕೊಂಡು ಓಡುತ್ತಿದ್ದರು. ಸುಕ್ಕು ಬೇರೆಯವರದ್ದಾಗಿರಬೇಕು, ಅಷ್ಟೇ.

ಚಿತ್ರಗಳನ್ನು ಒಂದೊಂದಾಗಿ ಸ್ಟ್ಯಾಂಡಿನ ಮೇಲೆ ಇಡುತ್ತಿದ್ದರು. ಒಂದಕ್ಕೆ ಹತ್ತು ಸೆಕೆಂಡು, ಆಮೇಲೆ ಅಂಕ. ಬೋಂಡಾ ಕಾಫಿ ಆದ ಮೇಲೆ ಫೀಡ್‌ಬ್ಯಾಕ್. ಡಾಕ್ಟರು ಎಲ್ಲಿ ಬೆಳ್ಳಗೆ ಕಂಡರೂ "ಹೈಲೈಟ್ಸ್ ಹೋಗಿದೆ" ಅನ್ನುತ್ತಿದ್ದರು. ಹುಳುಕು ಹುಡುಕಿ ಹುಡುಕಿ ಅಭ್ಯಾಸ. ನನ್ನ ಪಾಲಿಗೆ ಬಂದದ್ದು ಕತ್ತರಿಸುವ ಕೆಲಸ. ಬೇಡದ್ದನ್ನು ಎಲ್ಲಿಂದ ಕತ್ತರಿಸಬೇಕು ಅಂತ ಚಿತ್ರದ ಮೇಲೇ ಗುರುತು ಹಾಕಿ ತೋರಿಸುತ್ತಿದ್ದೆ. ಅದಕ್ಕೆ ಅಂತ ಮೇಣದ ಪೆನ್ಸಿಲ್ ಇಟ್ಟುಕೊಂಡಿದ್ದೆ, ಬಟ್ಟೆಯಲ್ಲಿ ಒರೆಸಿದರೆ ಹೋಗುವಂಥದ್ದು. ಆ ಪೆನ್ಸಿಲ್ ಎತ್ತಿದ ತಕ್ಷಣ ಹಾಲ್ ಗಪ್‌ಚಿಪ್ ಆಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಆ ಗಳಿಗೆ ನನಗೆ ಬಹಳ ಇಷ್ಟವಾಗುತ್ತಿತ್ತು.

ಮುಂದಿನ ಸಾಲಿನಲ್ಲಿ ಒಬ್ಬರು ಕೂರುತ್ತಿದ್ದರು. ವಿಮಾನಪುರದ ಕ್ವಾರ್ಟರ್ಸಿನವರು, ವಿಮಾನದ ಫ್ಯಾಕ್ಟರಿಯಲ್ಲಿ ಕೆಲಸ, ಐವತ್ತರ ಆಸುಪಾಸು. ಜಾಕೆಟ್ಟಿಲ್ಲ, ಮಾಸಲು ಸಫಾರಿ. ತೊಡೆಯ ಮೇಲೆ ಒಂದು ಉದ್ದನೆಯ ನೋಟ್‌ಬುಕ್. ಇಡೀ ಕ್ಲಬ್ಬಿನಲ್ಲಿ ನನಗೆ ಅತಿ ಹೆಚ್ಚು ರೇಗುತ್ತಿದ್ದದ್ದು ಇವರನ್ನು ಕಂಡರೆ. ಉಳಿದವರು ನಾವು ಹೇಳಿದ್ದನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದರು. ಇವರು ಬರೆದುಕೊಳ್ಳುತ್ತಿದ್ದರು, ಮತ್ತು ಬರೆದುಕೊಂಡದ್ದನ್ನು ಮಾಡಿಬಿಡುತ್ತಿದ್ದರು. ಹಲಸೂರು ಕೆರೆಯ ಚಿತ್ರ ತಂದಾಗ "ಒಬ್ಬ ಮನುಷ್ಯ ಇದ್ದಿದ್ರೆ ಚೆನ್ನಾಗಿರ್ತಿತ್ತು" ಅಂದೆ. ಮುಂದಿನ ತಿಂಗಳು ಅದೇ ಕೆರೆ, ದಡದಲ್ಲಿ ಅವರ ಭಾವಮೈದುನ. "ಎಲ್ಲಾದ್ರೂ ಸ್ವಲ್ಪ ಕೆಂಪು ಬೇಕಿತ್ತು" ಅಂದರು ಡಾಕ್ಟರು. ಅದರ ಮುಂದಿನ ತಿಂಗಳು ಭಾವಮೈದುನನ ಕೈಯಲ್ಲಿ ಕೆಂಪು ಛತ್ರಿ. ಬಿಸಿಲಲ್ಲಿ ಛತ್ರಿ ಹಿಡಿದು ಆ ಬಡಪಾಯಿ ನಿಂತಿದ್ದ ರೀತಿ ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಮಂಗಳವಾರ ರಜೆ ಹಾಕಿ ಕೆ.ಆರ್. ಪುರದ ಸಂತೆಗೆ ಹೋಗಿ ಸೊಪ್ಪು ಮಾರುವ ಮುದುಕಿಯರ ಫೋಟೋ ತೆಗೆದುಕೊಂಡು ಬರುತ್ತಿದ್ದರು. "ಇನ್ನೂ ಕ್ಯಾರೆಕ್ಟರ್ ಇರೋ ಮುಖ ಹುಡುಕ್ರೀ" ಅನ್ನುತ್ತಿದ್ದೆವು. "ಆಯ್ತು ಮೇಡಂ" ಅಂತ ಬರೆದುಕೊಳ್ಳುತ್ತಿದ್ದರು.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು, ಕ್ಲಬ್ಬಿನಲ್ಲಿ ಎಲ್ಲರೂ ಡಿಜಿಟಲ್ ಕ್ಯಾಮೆರಾ ಕೊಂಡುಕೊಳ್ಳುತ್ತಿದ್ದ ಕಾಲ. ಇವರೂ ಒಂದು ಕೊಂಡುಕೊಂಡರು. ಆ ತಿಂಗಳ ವಿಷಯ ಕಿಟಕಿಯ ಬೆಳಕು. ಇವರು ತಂದದ್ದು ಮನೆಯ ಅಡುಗೆಕೋಣೆಯ ಚಿತ್ರ. ಮಗಳು ಕಿಟಕಿಯ ಹತ್ತಿರ ಒದ್ದೆ ಕೂದಲು ಬಾಚಿಕೊಳ್ಳುತ್ತಿದ್ದಾಳೆ. ಕೆನ್ನೆಯ ಮೇಲೆ ಒಳ್ಳೆಯ ಬೆಳಕು ಬಿದ್ದಿತ್ತು. ಎಡಮೂಲೆಯಲ್ಲಿ ಗ್ಯಾಸ್ ಸಿಲಿಂಡರ್, ಅದರ ಪಕ್ಕ ನೆಲದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದ ಒಬ್ಬ ವಯಸ್ಸಾದ ಹೆಂಗಸು. ನೈಲಾನ್ ಸೀರೆ, ದಪ್ಪ ಕನ್ನಡಕ ಹಣೆಗೆ ಏರಿಸಿಕೊಂಡಿದ್ದಾರೆ. ಕ್ಯಾಮೆರಾ ಕಡೆ ನೋಡಿ ಬಾಯಿತುಂಬ ನಗುತ್ತಿದ್ದಾರೆ.

"ಆ ಮೂಲೇಲಿ ಯಾರ್ರೀ ಅದು?" ಅಂದೆ.

"ನಮ್ಮ ತಾಯಿ, ಮೇಡಂ."

"ಯಾರಾದ್ರೇನು, ಅವ್ರಿಗೆ ಈ ಫ್ರೇಮಲ್ಲಿ ಏನ್ರೀ ಕೆಲ್ಸ? ಕಣ್ಣು ಹುಡುಗಿ ಮೇಲೆ ನಿಲ್ಲೋದೇ ಇಲ್ಲ, ಸೀದಾ ಅಲ್ಲಿಗೇ ಹೋಗತ್ತೆ. ಸಿಲಿಂಡರ್ ಜೊತೆ ಅವ್ರನ್ನೂ ತೆಗ್ದಾಕಿ."

ಹಾಲಿನಲ್ಲಿ ಎಲ್ಲರೂ ನಕ್ಕರು. ಅವರೂ ನಕ್ಕರು. ಅವತ್ತು ನನ್ನ ಮೇಣದ ಪೆನ್ಸಿಲ್ ಅಂಗಡಿಯಲ್ಲೇ ಉಳಿದಿತ್ತು. ಹಾಜರಿ ಪುಸ್ತಕಕ್ಕೆ ದಾರ ಕಟ್ಟಿ ಇಟ್ಟಿದ್ದ ಕೆಂಪು ಬಾಲ್‌ಪೆನ್ ಎಳೆದುಕೊಂಡು, ಚಿತ್ರದ ಮೇಲೆ ಮೇಲಿಂದ ಕೆಳಕ್ಕೆ ಒಂದು ಗೆರೆ ಎಳೆದೆ. ಎಡಗಡೆಯದ್ದು ಬೇಡ ಅಂತ ತಿಳಿಯಲಿ ಅಂತ ಅಲ್ಲಿ ದೊಡ್ಡದಾಗಿ ಇಂಟು ಗುರುತಿನ ಹಾಗೆ ಒಂದು ಕಾಟು ಹೊಡೆದೆ. ಪೆನ್ನು ಸರಿಯಾಗಿ ಬರೆಯುತ್ತಿರಲಿಲ್ಲ, ಅದಕ್ಕೇ ಒತ್ತಿ ಹೊಡೆದೆ. ಅವರು ಎದ್ದು ಬಂದು ಎರಡೂ ಕೈಯಲ್ಲಿ ಆ ಚಿತ್ರ ತೆಗೆದುಕೊಂಡು, "ಥ್ಯಾಂಕ್ಸ್ ಮೇಡಂ" ಅಂದರು.

ವರ್ಷದ ಕೊನೆಯ ದೊಡ್ಡ ಸ್ಪರ್ಧೆಗೆ ಅದೇ ಚಿತ್ರ ಬಂತು. ಮಗಳು, ಕಿಟಕಿ, ಬೆಳಕು, ಇನ್ನೇನೂ ಇಲ್ಲ. ಎರಡನೇ ಬಹುಮಾನ ಸಿಕ್ಕಿತು. ನಾನು ಮೊದಲನೇ ಸಲ ಒಂಬತ್ತು ಕೊಟ್ಟೆ. ಅವರ ಕೈಚಳಕಕ್ಕಲ್ಲ, ನನ್ನ ಕತ್ತರಿಗೆ ಕೊಟ್ಟುಕೊಂಡ ಒಂಬತ್ತು ಅದು. ಬೋಂಡಾ ತಿನ್ನುವಾಗ ಡಾಕ್ಟರಿಗೆ "ನೋಡಿದ್ರಾ, ಆ ಮೂಲೆ ಹೋದ್ಮೇಲೆ ಹೇಗ್ ಎದ್ದು ಬಂತು" ಅಂತ ಜಂಬ ಕೊಚ್ಚಿಕೊಂಡದ್ದೂ ನೆನಪಿದೆ.

ಅದಾಗಿ ನಾಲ್ಕು ತಿಂಗಳಿಗೆ ಅವರು ನನ್ನ ಅಂಗಡಿಗೆ ಬಂದರು. ತಲೆ ಬೋಳಿಸಿದ್ದರು. ಯಾರು ಅಂತ ಮೊದಲು ಗೊತ್ತಾಗಲಿಲ್ಲ. ನೋಟ್‌ಬುಕ್ ನೋಡಿ ಗುರುತು ಹಿಡಿದೆ.

"ಅಮ್ಮ ಹೋಗ್ಬಿಟ್ರು ಮೇಡಂ. ಹನ್ನೊಂದನೇ ದಿನಕ್ಕೆ ಫೋಟೋ ಇಡ್ಬೇಕು."

ಯಾವ ಫೋಟೋ ಇದೆ ಅಂತ ಕೇಳಿದೆ. ವೋಟರ್ ಕಾರ್ಡ್ ತೆಗೆದು ತೋರಿಸಿದರು. ಅದರಲ್ಲಿ ಮುಖವೇ ಕಾಣುತ್ತಿರಲಿಲ್ಲ, ಬರೀ ಮಸಿ. ಅವರ ಮದುವೆಯ ಆಲ್ಬಮ್ಮಿನಲ್ಲಿ ತಾಯಿ ಎಲ್ಲರ ಹಿಂದೆ ಬಾಯಿಗೆ ಸೆರಗು ಅಡ್ಡ ಹಿಡಿದು ನಿಂತಿದ್ದರು. ನನಗೆ ರೇಗಿ ಹೋಯಿತು. ಅಂಗಡಿಗೆ ಬಂದವರ ಎದುರು ಆಡಬಾರದ ಮಾತು ಆಡಿದೆ.

"ಏನ್ರೀ ನೀವು, ಇಷ್ಟ್ ವರ್ಷ ಸಂತೇಲಿರೋ ಮುದುಕೀರನ್ನೆಲ್ಲ ತೆಗೆದ್ರಿ. ಮನೇಲಿರೋ ತಾಯೀದು ಒಂದು ತೆಗೀಲಿಲ್ವಾ?"

"ಅಮ್ಮನ ಮುಖದಲ್ಲಿ ಕ್ಯಾರೆಕ್ಟರ್ ಇಲ್ಲ ಅನ್ಕೊಂಡಿದ್ದೆ ಮೇಡಂ," ಅಂದರು. ಚುಚ್ಚಲಿಕ್ಕೆ ಅಂದದ್ದಲ್ಲ. ಉತ್ತರ ಹೇಳಿದ್ದಷ್ಟೇ. "ಒಂದೇ ಒಂದಿದೆ, ನಗ್ತಿರೋದು. ಅವರೆಕಾಯಿದು. ಅದನ್ನೇ ಇಡ್ಬೇಕು ಅಂತ ಮನೇಲೆಲ್ಲಾ ಹೇಳ್ತಿದ್ದಾರೆ. ನಂಗೂ ಅದೇ ಬೇಕು."

ಕ್ಯಾಮೆರಾದ ಕಾರ್ಡ್ ಕೊಡಿ, ಇಲ್ಲ ಸೀಡಿ ಕೊಡಿ ಅಂದೆ. ಎರಡರಲ್ಲೂ ಇಲ್ಲ ಅಂದರು. ನಾನು ಹೇಳಿದ ಹಾಗೆ ಕಂಪ್ಯೂಟರಿನಲ್ಲಿ ಎಡಗಡೆ ಕತ್ತರಿಸಿ, ಅದರ ಮೇಲೇ ಸೇವ್ ಕೊಟ್ಟುಬಿಟ್ಟಿದ್ದರು. ಕಾರ್ಡ್ ಮಾರನೇ ದಿನವೇ ಖಾಲಿ ಮಾಡಿ ಸಂತೆಗೆ ತೆಗೆದುಕೊಂಡು ಹೋಗಿದ್ದರು. ಫಿಲ್ಮಿನ ಕಾಲದಲ್ಲಿ ಎಂಥ ದಡ್ಡನ ಮನೆಯಲ್ಲೂ ನೆಗೆಟಿವ್ ಅಂತ ಒಂದು ಉಳಿದಿರುತ್ತಿತ್ತು.

"ಇದೊಂದು ಉಳ್ಕೊಂಡಿದೆ," ಅಂತ ನೋಟ್‌ಬುಕ್ ಮಧ್ಯದಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದರು. "ನಿಮ್ಮ ಮಾರ್ಕಿಂಗ್ ಇದೆ ಅಂತ ಜೋಪಾನವಾಗಿ ಇಟ್ಕೊಂಡಿದ್ದೆ."

ಹಾಲಿನಲ್ಲಿ ನಾನು ಗೆರೆ ಎಳೆದಿದ್ದ ಅದೇ ಪ್ರಿಂಟು. ಎಡಮೂಲೆಯಲ್ಲಿ ಹೆಬ್ಬೆರಳಿನಷ್ಟು ಮುಖ, ಆ ಮುಖದ ಮೇಲೆ ನನ್ನ ಕೆಂಪು ಕಾಟು. ಎರಡು ಗೆರೆಗಳು ಕೂಡುವ ಜಾಗ ಬಲಗಣ್ಣಿನ ಮೇಲೇ ಇತ್ತು. ಅಲ್ಲಿ ಕಾಗದದ ಮೇಲುಪದರ ಕಿತ್ತು ಬಂದಿತ್ತು. ನನಗೆ ಅಷ್ಟು ನಾಚಿಕೆ ಜನ್ಮದಲ್ಲಿ ಆಗಿರಲಿಲ್ಲ. ಅವರು ನನ್ನನ್ನು ಬೈದಿದ್ದರೆ ಎದುರುತ್ತರ ಕೊಟ್ಟಾದರೂ ಹಗುರವಾಗುತ್ತಿದ್ದೆ. ಅವರು ನಾನು ಏನು ಹೇಳುತ್ತೇನೋ ಅಂತ, ಹಾಲಿನಲ್ಲಿ ನಿಲ್ಲುತ್ತಿದ್ದ ಹಾಗೇ, ಕೌಂಟರಿನ ಆಚೆ ಕೈಕಟ್ಟಿ ನಿಂತಿದ್ದರು.

"ಮಾಡ್ಕೊಡ್ತೀನಿ," ಅಂದೆ.

ಮೂರು ದಿನ ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಸ್ಕ್ಯಾನ್ ಮಾಡಿ, ದೊಡ್ಡದು ಮಾಡಿ, ಕೆಂಪನ್ನು ಚುಕ್ಕಿ ಚುಕ್ಕಿಯಾಗಿ ತೆಗೆದೆ. ಹಣೆ ಬಂತು. ಕೆನ್ನೆ ಬಂತು. ಹಲ್ಲುಗಳ ನಡುವಿನ ಸಂದಿ ಕೂಡ ಬಂತು. ನೋಡುತ್ತಾ ನೋಡುತ್ತಾ ಆ ಹೆಂಗಸು ಯಾಕೆ ಅಷ್ಟು ನಗುತ್ತಿದ್ದಾರೆ ಅಂತ ಹೊಳೆಯಿತು. ಜಗತ್ತಿನ ಮುದುಕಿಯರನ್ನೆಲ್ಲ ಹುಡುಕಿಕೊಂಡು ಹೋಗುವ ಮಗ ಅವತ್ತು ಮನೆಯಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದಾನೆ, ತಮ್ಮದೇ ಫೋಟೋ ತೆಗೆಯುತ್ತಿದ್ದಾನೆ ಅಂತ ಅಂದುಕೊಂಡಿದ್ದಾರೆ. ಹಾಲಿನಲ್ಲಿ ಕಣ್ಣು ಸೀದಾ ಅಲ್ಲಿಗೇ ಹೋಗುತ್ತದೆ ಅಂತ ಹೇಳಿದವಳು ನಾನು. ಆ ಚಿತ್ರದಲ್ಲಿ ನೋಡುವುದಕ್ಕೆ ಇದ್ದದ್ದೇ ಅದು ಅನ್ನುವಷ್ಟು ಬುದ್ಧಿ ನನಗಿರಲಿಲ್ಲ, ಹದಿನಾಲ್ಕು ಜೇಬಿನವರನ್ನು ಹೀಗಳೆಯುತ್ತಾ ಕೂತಿದ್ದೆ.

ಬಲಗಣ್ಣು ಮಾತ್ರ ಬರಲಿಲ್ಲ. ಕಾಗದದಲ್ಲೇ ಇಲ್ಲದ್ದು ಕಂಪ್ಯೂಟರಿಗೆ ಎಲ್ಲಿಂದ ಬರಬೇಕು? ಕೊನೆಗೆ ನಮ್ಮ ಕಸುಬಿನವರೆಲ್ಲ ಮಾಡುವುದನ್ನೇ ಮಾಡಿದೆ. ಎಡಗಣ್ಣಿನ ನಕಲು ತೆಗೆದು, ತಿರುಗಿಸಿ ಆ ಜಾಗದಲ್ಲಿ ಕೂರಿಸಿದೆ. ನೂರಾರು ಜನರಿಗೆ ಹಾಗೆ ಮಾಡಿಕೊಟ್ಟಿದ್ದೇನೆ, ಒಬ್ಬರೂ ಕಂಡುಹಿಡಿದಿಲ್ಲ.

ಹತ್ತನೇ ದಿನ ಬೆಳಗ್ಗೆ ಅವರು ಬಂದರು. ಕಟ್ಟು ಹಾಕಿಸಿದ ಫೋಟೋವನ್ನು ಕೌಂಟರಿನ ಮೇಲೆ ನಿಲ್ಲಿಸಿ, "ಹೇಗಿದೆ ಹೇಳಿ" ಅಂದೆ. ಹಾಲಿನಲ್ಲಿ ನಾವು ಒಂದು ಚಿತ್ರಕ್ಕೆ ಕೊಡುತ್ತಿದ್ದದ್ದು ಹತ್ತು ಸೆಕೆಂಡು. ಅವರು ನೋಡುತ್ತಾ ನಿಂತಿದ್ದಾಗ ಇಬ್ಬರು ಗಿರಾಕಿಗಳು ಬಂದು ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಂಡು ಹೋದರು. ನಾನು ತಿರುಗಿ ಬಂದಾಗಲೂ ನೋಡುತ್ತಲೇ ಇದ್ದರು.

"ನಗು ಬಂದಿದೆ ಮೇಡಂ. ಅಮ್ಮನ ನಗುವೇ," ಅಂದರು. ಆಮೇಲೆ, ತಪ್ಪು ಮಾತಾಡುತ್ತಿದ್ದೇನೇನೋ ಅನ್ನುವ ಹಾಗೆ, "ಬಲಗಣ್ಣು ಮಾತ್ರ ಅಮ್ಮಂದಲ್ಲ" ಅಂದರು.

ಅಷ್ಟು ವರ್ಷದಲ್ಲಿ ಅವರು ಒಂದು ಫೋಟೋದಲ್ಲಿ ತಪ್ಪು ತೋರಿಸಿದ್ದು ಅದೊಂದೇ ಸಲ. ಹಾಲಿನಲ್ಲಿ ಕೂತು ತೀರ್ಪು ಕೊಟ್ಟ ನಮಗ್ಯಾರಿಗೂ ಆ ಕಣ್ಣು ಇರಲಿಲ್ಲ.

"ಬಿಟ್ಟು ಹೋಗಿ, ಇನ್ನೊಂದ್ಸಲ ತಿದ್ತೀನಿ," ಅಂದೆ.

"ಹೇಗ್ ತಿದ್ತೀರಾ ಮೇಡಂ? ಅದು ನಿಮ್ಮ ಗೆರೆ ಕೆಳಗಿದೆ," ಅಂದರು. ಫೋಟೋವನ್ನು ಟವೆಲಿನಲ್ಲಿ ಸುತ್ತಿ, ಸ್ಕೂಟರಿನ ಮುಂದೆ ಕಾಲುಗಳ ನಡುವೆ ನಿಲ್ಲಿಸಿಕೊಂಡು ಹೊರಟರು.