ಚಳಿಗೆ ಮುದುಡಿದ ಗಾಳಿ ಉಳಿ

ಅದು ಯುದ್ಧದ ಕಾಲ. ಪುಣೆಯ ಒಂದು ಕಾಲೇಜಿನಲ್ಲಿ ಭೂವಿಜ್ಞಾನ ಓದಿ ಮುಗಿಸಿ, ನಾನು ಅದೇ ವಿಭಾಗದಲ್ಲಿ ಸಹಾಯಕಿಯಾಗಿ ಸೇರಿದ್ದೆ. ಅಪ್ಪ ಅಲ್ಲೇ ಪಕ್ಕದ ಖಡಕಿಯಲ್ಲಿ ಗುಮಾಸ್ತರು. ಮನೆಯಲ್ಲಿ ಧಾರವಾಡದ ಮಾತು, ಹೊಸ್ತಿಲು ದಾಟಿದರೆ ಮರಾಠಿ. ವಿಭಾಗದಲ್ಲಿ ನನ್ನೊಡನೆ ಕನ್ನಡ ಆಡುತ್ತಿದ್ದವರು ಉಡುಪಿ ಕಡೆಯ ಒಬ್ಬ ಮೇಷ್ಟ್ರು ಮಾತ್ರ.

ಆ ವರ್ಷ ಇಂದಾಪುರದ ಕಡೆಯ ಹೊಳೆದಂಡೆಯಲ್ಲಿ, ಮರಳು, ಬೆಣಚುಕಲ್ಲು ಸೇರಿ ಗಟ್ಟಿಯಾಗಿ ಹೆಪ್ಪುಗಟ್ಟಿದ ಗರಸಿನೊಳಗೆ, ಕಲ್ಲಾಗಿ ಹೋದ ದೊಡ್ಡ ಪ್ರಾಣಿಯ ದವಡೆಯೊಂದು ಸಿಕ್ಕಿತ್ತು. ಅದಕ್ಕೆ ಅಂಟಿದ ಗರಸನ್ನು ಬಿಡಿಸುವುದು ಮೇಷ್ಟ್ರ ಮತ್ತು ನನ್ನ ಪಾಲಿಗೆ ಬಂತು. ನಮ್ಮ ಹತ್ತಿರ ಒಂದು ಗಾಳಿ ಉಳಿ ಇತ್ತು. ಕಬ್ಬಿಣದ ಟಾಕಿಯಲ್ಲಿ ಒತ್ತಿ ತುಂಬಿದ ಗಾಳಿ ರಬ್ಬರ್ ನಳಿಗೆಯಲ್ಲಿ ಹರಿದು ಬಂದು, ಉಳಿಯ ಹೊಟ್ಟೆಯೊಳಗಿನ ಉಕ್ಕಿನ ತುಂಡನ್ನು ಹಿಂದೆ ಮುಂದೆ ಬಡಿಯುತ್ತಿತ್ತು. ಆಗ ಉಳಿಯ ತುದಿ ಗುರ್ರೆಂದು ನಡುಗಿ ಕಲ್ಲನ್ನು ಹುಡಿ ಮಾಡುತ್ತಿತ್ತು. ದಿನಾ ಶುರು ಮಾಡುವ ಮುಂಚೆ, ನಳಿಗೆ ಸೇರುವ ಅದರ ಬಾಯಿಗೆ ಒಂದಿಷ್ಟು ಎಣ್ಣೆ ಬಿಡಬೇಕು. ಆ ಕೆಲಸ ಮೇಷ್ಟ್ರದು.

ಚಳಿಗಾಲ ಬಂದದ್ದೇ ಉಳಿ ಹಟ ಹಿಡಿಯಿತು. ಬೆಳಿಗ್ಗೆ ಎಷ್ಟು ಗಾಳಿ ಬಿಟ್ಟರೂ ಅಲುಗುತ್ತಿರಲಿಲ್ಲ. ಮಧ್ಯಾಹ್ನ ಕಿಟಕಿಯ ಬಿಸಿಲು ಮೇಜಿನ ಮೇಲೆ ಬಿದ್ದ ಮೇಲೆ ತಾನಾಗಿ ಎದ್ದು ಗುರ್ರೆನ್ನುತ್ತಿತ್ತು. ಸ್ವಲ್ಪ ಹೊತ್ತು ಚೆನ್ನಾಗಿ ನಡೆದು ಮತ್ತೆ ಸೊರಗುತ್ತಿತ್ತು. ನಳಿಗೆ ಸೋರುತ್ತಿದೆಯೇ ಎಂದು ನೀರಿನಲ್ಲಿ ಮುಳುಗಿಸಿ ನೋಡಿದೆವು. ಒಂದು ಗುಳ್ಳೆಯೂ ಏಳಲಿಲ್ಲ.

ಒಂದು ಮಧ್ಯಾಹ್ನ ಅದು ಸೊರಗುವ ಹೊತ್ತಿಗೆ ನನ್ನ ಬೆರಳುಗಳು ಜೋಮು ಹಿಡಿದಿದ್ದವು. ಉಳಿ ಬಿಸಿಯೋ ತಣ್ಣಗೋ ಬೆರಳಿಗೆ ತಿಳಿಯದೆ ಅದನ್ನು ಕೆನ್ನೆಗೆ ಒತ್ತಿಕೊಂಡೆ.

"ಸರ್, ಇದು ಭಾಳ ತಣ್ಣಗ ಆಗೇದರೀ! ಇಷ್ಟು ಬಡಕೊಂಡರ ಬಿಸಿ ಆಗಬೇಕಲ್ಲರೀ?"

ಅವರೂ ಮುಟ್ಟಿ ನೋಡಿದರು. "ಒತ್ತಿಟ್ಟ ಗಾಳಿ ಹೊರಗೆ ಬರುವಾಗ ಹಿಗ್ಗುತ್ತದೆ, ಹಿಗ್ಗಿದರೆ ತಣ್ಣಗಾಗುತ್ತದೆ. ಅದು ಸರಿಯೇ. ಆದರೆ ತಣ್ಣಗಾದರೆ ನಿಲ್ಲುವುದು ಯಾಕೆ?"

ಬಿಚ್ಚಿ ನೋಡಿದರೆ ಉಕ್ಕಿನ ತುಂಡಿನ ಸುತ್ತ ಬೆಳ್ಳಗೆ, ಮೇಣದ ಹಾಗೆ ಏನೋ ಮೆತ್ತಿಕೊಂಡಿತ್ತು. ಮೂಸಿದೆ. ನನಗೆ ಅವ್ವನ ನೆನಪಾಯಿತು. ಚಳಿಗಾಲದಲ್ಲಿ ಅವಳು ತಲೆಗೆ ಹಚ್ಚುವ ಎಣ್ಣೆಯ ಸೀಸೆಯನ್ನು ಅಂಗಳದ ಬಿಸಿಲಿಗಿಟ್ಟು ಕರಗಿಸುತ್ತಿದ್ದಳು.

"ಸರ್, ಇದು ಕೊಬ್ರಿ ಎಣ್ಣಿ ಅಲ್ಲರೀ?"

"ಹೌದು, ತೆಂಗಿನೆಣ್ಣೆ. ವಿಲಾಯಿತಿ ಎಣ್ಣೆ ಮುಗಿಯಿತು, ಪೇಟೆಯಲ್ಲೂ ಸಿಗಲಿಲ್ಲ. ಊರಿನದು ಉಂಟಲ್ಲ ಅಂತ ಹಾಕಿದೆ." ಕೋಟಿನ ಕಿಸೆಯಿಂದ ಒಂದು ಪುಟ್ಟ ಸೀಸೆ ತೆಗೆದರು. ಅದರಲ್ಲಿ ಎಣ್ಣೆ ನೀರಿನಂತೆ ತಿಳಿಯಾಗಿತ್ತು. "ನೋಡಿ, ಇದು ಗಟ್ಟಿಯಾದದ್ದನ್ನು ನಾನು ಕಂಡೇ ಇಲ್ಲ ಮಾರಾಯ್ರೆ!"

ಕಾಣುವುದಾದರೂ ಹೇಗೆ? ಅವರ ಕೋಣೆ ಇದ್ದದ್ದು ಅವರ ಮಾವನ ಹೋಟೆಲಿನ ಅಡುಗೆಮನೆಯ ಮೇಲೆ. ಹಗಲೂ ರಾತ್ರಿ ಬೆಚ್ಚಗೆ. ಅಲ್ಲಿಂದ ಸೀಸೆ ನೇರ ಕಿಸೆಗೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವರು ಸೀಸೆಯನ್ನು ಕಿಟಕಿಯಾಚೆ ಇಟ್ಟರು. ಮರುದಿನ ಬೆಳಿಗ್ಗೆ ಅದು ತುಪ್ಪದಂತೆ ಗಟ್ಟಿಯಾಗಿ ಕೂತಿತ್ತು. ಅವರು ಅದನ್ನು ತಲೆಕೆಳಗು ಮಾಡಿ ನೋಡಿದ್ದೇ ನೋಡಿದ್ದು.

ಉಳಿಯ ಭಾಗಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದೆವು. ಹೊಲಿಗೆ ಮಷೀನಿನ ಎಣ್ಣೆ ಕೇಳಲು ಹೋದರೆ ಅವ್ವ ಹುಬ್ಬೇರಿಸಿದಳು.

"ಮಷೀನಿಗೆ ಎಣ್ಣಿ ಬೇಕು, ಖರೆ. ಕಲ್ಲಿಗ್ಯಾಕವ್ವಾ?"

"ಕಲ್ಲಿಗಲ್ಲವ್ವಾ, ಕಲ್ಲು ಒಡಿಯೂದಕ್ಕ."

ಆ ತೆಳು ಎಣ್ಣೆಗೆ ಉಳಿ ಮುಂಜಾನೆಯ ಚಳಿಯಲ್ಲೂ ಗುರ್ರೆಂದಿತು. ಆದರೆ ಹೊರಬೀಳುವ ಗಾಳಿಯೊಡನೆ ಎಣ್ಣೆಯ ತುಂತುರು ಸಿಡಿದು ಎಲುಬಿನ ಮೇಲೆ ಕಂದು ಕಲೆ ಮೂಡಿತು. ಎಣ್ಣೆ ಕುಡಿದ ಎಲುಬು ಬಿರುಕು ಬಿಟ್ಟರೆ ಅದಕ್ಕೆ ಅಂಟು ಹಿಡಿಯುವುದಿಲ್ಲ. ಎಣ್ಣೆ ಬಿಡದಿದ್ದರೆ ಉಳಿ ಸವೆಯುತ್ತದೆ, ಬಿಟ್ಟರೆ ಎಲುಬು ಕೆಡುತ್ತದೆ. ಏನೇನೋ ಮಾಡಿ ನೋಡಿ, ಕೊನೆಗೆ ಎಣ್ಣೆ ಬಿಟ್ಟೊಡನೆ ಉಳಿಯನ್ನು ಹಳೆಯ ಧೋತರದ ಚೂರಿನೆದುರು ಓಡಿಸತೊಡಗಿದೆವು. ಬಟ್ಟೆಯ ಮೇಲೆ ತುಂತುರು ಬೀಳುವುದು ನಿಂತ ಮೇಲೆಯೇ ದವಡೆಯ ಹತ್ತಿರ ಒಯ್ಯುತ್ತಿದ್ದೆವು.

ಬೇಸಿಗೆಯ ಹೊತ್ತಿಗೆ ದವಡೆಯಲ್ಲಿದ್ದ ಹಲ್ಲು ಪೂರ್ತಿ ಹೊರಬಂತು. ಆನೆಯ ಹಲ್ಲು. ಅಗಲವಾಗಿ, ಅಡ್ಡಡ್ಡ ಏಣುಗಳಿಂದ ತುಂಬಿ, ಅಕ್ಕಿ ರೊಟ್ಟಿಯ ಮೇಲೆ ಬೆರಳು ಎಳೆದ ಹಾಗಿತ್ತು. ಅವ್ವನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಆ ಏಣುಗಳ ಮೇಲೆ ಮೆಲ್ಲಗೆ ಬೆರಳಾಡಿಸಿದಳು.

"ಇಷ್ಟು ಸವದದಲ್ಲ, ಏನು ತಿಂತಿತ್ತರೀ ಇದು?"

ಕಲ್ಲು ಬಿಡಿಸುವ ಗಡಿಬಿಡಿಯಲ್ಲಿ ನಮಗಿಬ್ಬರಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ತಿಂದದ್ದರ ಗುರುತನ್ನು ಹಲ್ಲಿನ ಗೀರುಗಳಲ್ಲಿ ಹುಡುಕಲು ಮೇಷ್ಟ್ರು ಕಪಾಟಿನಿಂದ ಭೂತಗನ್ನಡಿ ತಂದು ಮೊದಲು ಅವ್ವನ ಕೈಗೇ ಕೊಟ್ಟರು.