ಕನ್ನಡಿಯಲ್ಲಿ ನನ್ನ ಪಾಠ

ಸೋಲಾಪುರದಲ್ಲಿ ನಮ್ಮದು ಚಾದರ, ಟವೆಲ್‌ಗಳ ಅಂಗಡಿ. ಅದರ ಮೇಲಿನ ಕೋಣೆಯಲ್ಲಿ ಕೂತು ನಾನು ಆನ್‌ಲೈನ್‌ನಲ್ಲಿ ಗಿಟಾರ್ ಕಲಿಸುತ್ತೇನೆ. ತಿಂಗಳ ಚಂದಾ ಕಟ್ಟಿ ಸದಸ್ಯರಾದವರಿಗೆ ವಾರಕ್ಕೊಂದು ಹೊಸ ಪಾಠದ ವಿಡಿಯೋ, ಭಾನುವಾರ ಎಲ್ಲರೂ ಕೂಡುವ ಒಂದು ಲೈವ್ ತರಗತಿ. ಪಾಠ ಹೇಳುವುದು ನಮ್ಮ ಮನೆಯ ಭಾಷೆಯಲ್ಲೇ. ವಾಕ್ಯ ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುತ್ತದೆ. ಲಾತೂರಿನವರಿಗೂ ವಿಜಯಪುರದವರಿಗೂ ಅದರಿಂದ ಏನೂ ತೊಂದರೆಯಾಗಿರಲಿಲ್ಲ.

ಆದರೂ ಜನ ಬರುತ್ತಿದ್ದರು, ಒಂದೆರಡು ತಿಂಗಳಿದ್ದು ಸದ್ದಿಲ್ಲದೆ ಹೋಗುತ್ತಿದ್ದರು. ಪ್ರತಿ ಪಾಠದ ಕೆಳಗೂ 'ಹೇಗಿತ್ತು?' ಎಂದು ಕೇಳುತ್ತಿದ್ದೆ. ಎಲ್ಲರೂ ಚಪ್ಪಾಳೆಯ ಚಿತ್ರ ಹಾಕುತ್ತಿದ್ದರು. ಹಿಂದಿನ ವಾರ ಚಪ್ಪಾಳೆ ಹಾಕಿದವರೇ ಮುಂದಿನ ವಾರ ಇರುತ್ತಿರಲಿಲ್ಲ.

ಒಂದು ದಿನ ಅಕ್ಕಲಕೋಟೆಯಿಂದ ದನಿ ಸಂದೇಶ ಬಂತು. ಕಳಿಸಿದವರು ಅರವತ್ತರ ಆಸುಪಾಸಿನ ಗೃಹಿಣಿ. ಲೈವ್ ತರಗತಿಯಲ್ಲಿ ಎಂದೂ ಬಾಯಿ ಬಿಟ್ಟವರಲ್ಲ. "ಬಾಯಾರ, ಪಾಠ ಛಲೋ ಅದಾವ್ರಿ. ಆದ್ರ ನನಗ ತಿಳೀವಲ್ವು. ನಿಮ್ಮ ಎಡಗೈ ನನ್ನ ಬಲಕ್ಕ ಬರ್ತದ. ಮತ್ತ, ಸಿಟ್ಟಿಗಿ ಬರಬ್ಯಾಡ್ರಿ, ನೀವು ಭಾಳ ಮಾತಾಡ್ತೀರಿ."

ನನಗೆ ಸಿಟ್ಟು ಬಂದೇ ಬಂತು. ಫೋನು ಹಿಡಿದು ಕೆಳಗಿಳಿದೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಅತ್ತೆಗೆ ಅದನ್ನು ಕೇಳಿಸಿದೆ. ಅವರು ಎರಡು ಸಲ ಕೇಳಿ ನಕ್ಕರು.

"ಚಾದರ ಬಿಚ್ಚಿ, ಇಲ್ಲಿ ನೂಲು ಸಡಲ ಅದ ಅಂತ ಜಗಳಾ ತಗಿಯೂ ಗಿರಾಕಿ ತಗೊಳ್ಳಾಕ ಬಂದಿರ್ತದ ನೋಡು. ಛಲೋ ಅದ ಅಂತ ಹೇಳಿ ಎದ್ದು ಹೋಗೂದು ತಿರುಗಿ ಬರಂಗಿಲ್ಲ. ಹೋಗಿ ಆಕಿನ್ನ ಭೆಟ್ಟಿ ಆಗಿ ಬಾ."

ಮರುವಾರವೇ ಅಕ್ಕಲಕೋಟೆಯ ಬಸ್ಸು ಹತ್ತಿದೆ.

ಸಂದೇಶ ಕಳಿಸಿದ್ದ ಆ ಗೃಹಿಣಿ ಬಾಗಿಲಲ್ಲೇ ಕಾಯುತ್ತಿದ್ದರು. ನಮ್ಮ ಕಡೆಯ ರೂಢಿಯಂತೆ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆದೆ. ಚಹಾ ಕೊಟ್ಟು, ಗಿಟಾರ್ ಎಲ್ಲಿಂದ ಬಂತೆಂದು ಹೇಳಿದರು: ಲಗ್ನವಾಗಿ ಹೋಗುವಾಗ ಮಗಳು ಬಿಟ್ಟುಹೋದದ್ದು. "ನೀವು ದಿನಾ ಹ್ಯಾಂಗ ಕಲೀತೀರಿ, ಹಂಗ ತೋರಸ್ರಿ ಕಾಕು" ಅಂದೆ.

ಅವರು ಅಡುಗೆಮನೆಯ ಕಟ್ಟೆಯ ಮೇಲೆ ಗೋಡೆಗೊಂದು ಕನ್ನಡಿ ಆನಿಸಿ, ಅದರೆದುರು ಹಿಟ್ಟಿನ ಡಬ್ಬಿಗೆ ಫೋನು ಒರಗಿಸಿದರು. ಫೋನಿನ ಮುಖ ಕನ್ನಡಿಯ ಕಡೆಗೆ. ಗಿಟಾರ್ ಹಿಡಿದು ಸ್ಟೂಲಿನ ಮೇಲೆ ಕೂತು ಅವರು ನೋಡುತ್ತಿದ್ದದ್ದು ಕನ್ನಡಿಯನ್ನು. ಅಲ್ಲಿ ನನ್ನ ಗಿಟಾರಿನ ಕುತ್ತಿಗೆ ಅವರ ಗಿಟಾರಿನ ಕುತ್ತಿಗೆ ಇದ್ದ ಕಡೆಗೇ ಬರುತ್ತಿತ್ತು. ಆದರೆ ಪರದೆಯ ಮೇಲೆ ನಾನು ಬರೆದ ಅಕ್ಷರಗಳೆಲ್ಲ ತಿರುಗುಮುರುಗಾಗಿದ್ದವು.

"ಇವನ್ನ ಹ್ಯಾಂಗ ಓದ್ತೀರಿ?"

"ಉಲ್ಟಾನ ಓದ್ತೀನ್ರಿ. ರೂಢಿ ಆಗ್ಯದ."

ನಾನು ವಿಡಿಯೋದಲ್ಲಿ ಬೆರಳಿಡುವುದನ್ನು ತೋರಿಸಿ ಮಾತಿಗಿಳಿಯುತ್ತಿದ್ದೆ. ಅವರ ಬೆರಳು ತಂತಿ ಮುಟ್ಟುವಷ್ಟರಲ್ಲಿ ಮುಂದೆ ಹೋಗಿಬಿಡುತ್ತಿದ್ದೆ. ಅವರು ಎದ್ದು ಫೋನು ನಿಲ್ಲಿಸಿ, ಹಿಂದಕ್ಕೆ ಸರಿಸಿ, ಮತ್ತೆ ಬಂದು ಕೂರುವರು. ನನ್ನ ಪಾಠವನ್ನು ನಾನೇ ಅಲ್ಲಿ ಕನ್ನಡಿಯಲ್ಲಿ ನೋಡುತ್ತ, ಈ ಹೆಂಗಸು ಎಷ್ಟು ಮಾತಾಡುತ್ತಾಳಪ್ಪ ಅನ್ನಿಸಿತು.

"ಇಷ್ಟು ತ್ರಾಸ ತಗೊಂಡು ಯಾಕ ಕಲೀತೀರಿ?"

ಕಾಕು ಕಣ್ಣಿನಲ್ಲೇ ಒಳಕೋಣೆಯತ್ತ ತೋರಿಸಿದರು. ತಹಸೀಲ ಕಚೇರಿಯಿಂದ ನಿವೃತ್ತರಾದ ಅವರ ಗಂಡ, ಕಾಕಾ, ಅಲ್ಲಿ ಪೇಪರು ಓದುತ್ತಿದ್ದರು. ಗುರುವಾರ ಆ ಮನೆಯಲ್ಲಿ ಭಜನೆ. ಅಭಂಗ ಹೇಳುವವರು ಕಾಕಾ. ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಿದ್ದ ಗೆಳೆಯರು ಪುಣೆಗೆ ಹೋದ ಮೇಲೆ ಸ್ವರ ಹಿಡಿಯಲು ಆಸರೆಯೇ ಇರಲಿಲ್ಲ. "ಇವ್ರು ಒಂದು ವಾರ ಮ್ಯಾಲಿಂದ ಹಿಡೀತಾರ, ಒಂದು ವಾರ ಕೆಳಗಿಂದ. ಮಂದಿ ಬಾಯಿ ಮುಚ್ಚಿ ನಗ್ತಾರ, ತಂಗಿ. ನನಗದು ನೋಡಾಕಾಗಂಗಿಲ್ಲ."

ನನ್ನ ಚೀಲದಲ್ಲಿ ಕೇಪೋ ಇತ್ತು. ಗಿಟಾರಿನ ಕುತ್ತಿಗೆಗೆ ಚಿಮಟದಂತೆ ಹಾಕುವ ಸಾಧನ. ಅದನ್ನು ಸರಿಸಿದರೆ ಬೆರಳಿಡುವ ರೀತಿ ಬದಲಾಗದೆ ಸ್ವರ ಮಾತ್ರ ಏರುತ್ತದೆ, ಇಳಿಯುತ್ತದೆ. ಕಾಕಾರನ್ನು ಕರೆದು ಒಂದು ಸಾಲು ಹಾಡಿಸಿ, ಅವರ ಸ್ವರಕ್ಕೆ ಅದನ್ನು ಹೊಂದಿಸಿ ತೋರಿಸಿದೆ. ಕಾಕು ನನ್ನ ಕೈಯಿಂದ ಕೇಪೋ ಇಸಿದುಕೊಂಡು ತಾವೇ ಒತ್ತಿ ನೋಡಿದರು. "ಇದನ್ನ ಮೊದಲ ಪಾಠದಾಗ ಯಾಕ ಹೇಳಲಿಲ್ಲರಿ?"

ಕೇಪೋ ಅವರಲ್ಲೇ ಬಿಟ್ಟು ಸೋಲಾಪುರಕ್ಕೆ ಬಂದು ಪಾಠಗಳನ್ನೆಲ್ಲ ಮತ್ತೆ ಚಿತ್ರೀಕರಿಸಲು ಕೂತೆ. ಕ್ಯಾಮೆರಾ ನನ್ನ ಭುಜದ ಹಿಂದೆ ಬಂತು. ನೋಡುವವರ ಕೈಯೂ ನನ್ನ ಕೈಯೂ ಒಂದೇ ಕಡೆಗಾದವು. ಬೆರಳಿಟ್ಟ ಮೇಲೆ ಸುಮ್ಮನಿರುವುದನ್ನು ಕಲಿತೆ. ಅದು ನನಗೆ ಗಿಟಾರಿಗಿಂತ ಕಷ್ಟವಾಯಿತು. ಕೆಳಗೆ 'ಹೇಗಿತ್ತು?' ಎನ್ನುವುದನ್ನು ಬಿಟ್ಟು 'ಎಲ್ಲಿ ಸಿಕ್ಕಿಕೊಂಡಿರಿ?' ಎಂದು ಕೇಳತೊಡಗಿದೆ. ಆಮೇಲೆ ಜನ ಬರೆದರು ನೋಡಿ! ಒಬ್ಬರಿಗೆ ಬೆರಳ ತುದಿ ನೋಯುತ್ತಿತ್ತು, ಆ ನೋವು ಎಷ್ಟು ದಿನ ಇರುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ವಿಜಯಪುರದ ಮಾಸ್ತರರೊಬ್ಬರು ನನ್ನ ಬಳೆಗಳ ಸದ್ದಿನಲ್ಲಿ ತಂತಿಯ ಸದ್ದು ಕೇಳುವುದಿಲ್ಲವೆಂದರು.

ಬಳೆ ತೆಗೆಯಲು ಹೊರಟಾಗ ಅತ್ತೆ ಬಿಡಲಿಲ್ಲ. "ಬರೇ ಕೈಲೆ ಕೂಡಬ್ಯಾಡ" ಎಂದು ಹಳೆಯ ಟವೆಲ್ ಕತ್ತರಿಸಿ ಮುಂಗೈಗೆ ಪಟ್ಟಿ ಹೊಲಿದುಕೊಟ್ಟರು. ಬಳೆಗಳೆಲ್ಲ ಅದರೊಳಗೆ ಮಲಗಿದವು. ಈಗಲೂ ಪಾಠ ಹೇಳುವಾಗ ಅದೇ ನನ್ನ ಕೈಯಲ್ಲಿರುತ್ತದೆ.

ಈಗಲೂ ಕೆಲವರು ಬಿಟ್ಟುಹೋಗುತ್ತಾರೆ. ಆದರೆ ಯಾಕೆಂದು ಹೇಳಿ ಹೋಗುತ್ತಾರೆ. ಒಬ್ಬಿಬ್ಬರು ತಿರುಗಿ ಬಂದದ್ದೂ ಉಂಟು.

ಮಳೆಗಾಲ ಮುಗಿದ ಮೇಲೆ ಒಂದು ಗುರುವಾರ ಕಾಕು ಭಜನೆಗೆ ಕರೆದರು. ಅತ್ತೆಯನ್ನೂ ಕರೆದುಕೊಂಡು ಹೋದೆ. ಓಣಿಯ ಜನ, ಮೈಂದರ್ಗಿಯಿಂದ ಬಂದ ಬೀಗರು ಕೂತಿದ್ದರು. ಕಾಕು ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿದ್ದರು. ಮೊದಲ ಅಭಂಗ ಚೆನ್ನಾಗಿ ಹೋಯಿತು. ಎರಡನೆಯದನ್ನು ಕಾಕಾ ಎಲ್ಲೋ ಮೇಲಿಂದ ಎತ್ತಿಕೊಂಡರು. ತಾಳದವರು ಒಬ್ಬರ ಮುಖ ಒಬ್ಬರು ನೋಡಿದರು.

"ತಡೀರಿ ಜರಾ" ಅಂದರು ಕಾಕು. ಹಾಡು ನಿಂತಿತು. ಅವರು ಅವಸರವಿಲ್ಲದೆ ಕೇಪೋ ಬಿಚ್ಚಿ, ಮುಂದಕ್ಕೆ ಸರಿಸಿ, ಒಂದು ಸಲ ತಂತಿ ಮೀಟಿ ಸ್ವರ ಕೇಳಿ ನೋಡಿದರು. ಅಷ್ಟು ಹೊತ್ತೂ ಕಾಕಾ ತಾಳ ಹಿಡಿದ ಕೈ ಮೇಲೆತ್ತಿಕೊಂಡೇ ಕೂತಿದ್ದರು. ಆಮೇಲೆ ಹೆಂಡತಿಯ ಕಡೆ ಬಗ್ಗಿ, ಎಲ್ಲರಿಗೂ ಕೇಳುವ ಹಾಗೆ, "ಈಗ ಹೇಳ್ಲೇನು?" ಎಂದು ಕೇಳಿದರು.

"ಹೇಳ್ರಿ" ಅಂದರು ಕಾಕು.