ಹಾಕಬೇಡಿ ಎಂದು ನಾನೇ ಹೇಳಿದ ಅಪ್‌ಡೇಟ್

ಗಿರಾಕಿಯ ಮನೆಮಾತಿನಲ್ಲೇ ಮಾತಾಡಿದರೆ ಅರ್ಧ ವ್ಯಾಪಾರ ಕುದುರಿದಂತೆ. ನಂದೊಳ್ಳಿಯಿಂದ ಬರಿಗೈಯಲ್ಲಿ ಬಂದು ಶಿರಸಿಯಲ್ಲಿ ಹಳೆಯ ಮೊಬೈಲ್ ಮಾರುವ ಅಂಗಡಿ ಇಟ್ಟ ನಾನು ಮೊದಲು ಕಲಿತದ್ದು ಅದನ್ನೇ. ಎರಡನೆಯದು, ಮಾಲಿನ ಜೊತೆ ಒಂದು ಬುದ್ಧಿಮಾತನ್ನೂ ಪುಕ್ಕಟೆ ಕೊಡಬೇಕು. ಗಿರಾಕಿ ತಿರುಗಿ ಬರುವುದು ಅದಕ್ಕೆ.

ಸಿದ್ದಾಪುರ ತಾಲೂಕಿನ ದೊಡ್ಮನೆ ಕಡೆಯ ಒಬ್ಬ ಅಕ್ಕನಿಗೆ ಫೋನ್ ಮಾರಿದ ದಿನ ನಾನು ಕೊಟ್ಟ ಬುದ್ಧಿಮಾತು ಇದು: "ಅಕ್ಕಾ, ಅಪ್‌ಡೇಟ್ ಹೇಳಿ ಬಂದ್ರೆ ಮಾಡಡಿ. ಹಳೇ ಫೋನು, ಭಾರ ಆಗ್ತು. ನಿಂಗಳ ಊರಿನ ನೆಟ್‌ವರ್ಕಿಗೆ ಅರ್ಧಕ್ಕೇ ನಿಂತ್ರೆ ಮತ್ತೂ ತ್ರಾಸು."

ಅವರು ಚಾಚೂ ತಪ್ಪದೆ ಪಾಲಿಸಿದರು. ಅದೇ ಫೋನಿನಲ್ಲಿ ಹಲಸಿನ ಹಪ್ಪಳದ ಫೋಟೊ ಹಾಕಿ, ಬೇಡಿಕೆ ಹಿಡಿದು, ಸಿದ್ದಾಪುರದಿಂದ ಬಸ್ಸಿಗೆ ಕಟ್ಟು ಕೊಟ್ಟು ಕಳಿಸುತ್ತಿದ್ದರು. ತಮ್ಮದೇ ಅನ್ನುವ ಕೆಲಸ ಅವರಿಗೆ ಅದೊಂದೇ ಇತ್ತು.

ಈ ಬೇಸಿಗೆಯಲ್ಲಿ ಗಂಡ ಹೆಂಡತಿ ಇಬ್ಬರೂ ಅಂಗಡಿಗೆ ಬಂದರು. "ತಮಾ, ಎನ್ನ ಫೋನು ಊರಿಗೆಲ್ಲ ಮದುವೆ ಕರೆಯ ಕಳಿಸ್ತಾ ಇದ್ದು," ಎಂದರು ಅಕ್ಕ. ನೆಂಟರೊಬ್ಬರ ನಂಬರಿನಿಂದ ಮದುವೆಯ ಕರೆಯೋಲೆ ಎಂಬ ಹೆಸರಿನ ಫೈಲ್ ಬಂದಿತ್ತು. ನಮ್ಮ ಕಡೆ "ಕರೆಯ ಮುಟ್ಟಿದ್ದಾ?" ಎಂದು ಯಾರಾದರೂ ಕೇಳಿದರೆ ಇಲ್ಲ ಎನ್ನುವಂತಿಲ್ಲ, ಅಕ್ಷತೆ ಹಿಡಿದು ಮನೆಗೇ ಬಂದು ಕರೆದರೂ ಅಷ್ಟೇ, ಮೊಬೈಲಿಗೆ ಕಳಿಸಿದರೂ ಅಷ್ಟೇ. ಅಕ್ಕ ತೆರೆದಿದ್ದರು. ಕರೆಯೋಲೆಯ ವೇಷದಲ್ಲಿದ್ದದ್ದು ಕಳ್ಳ ಆ್ಯಪ್.

ಗಂಡ ಅಕ್ಕನತ್ತ ಕೈ ತೋರಿದರು. "ಇದು ಎಲ್ಲದಕ್ಕೂ ಹೂಂ ಹೂಂ ಒತ್ತಿ ಕೂತಿದ್ದು. ಇದ್ಕೆ ಬಟನ್ ಫೋನೇ ಸಾಕು. ಒಂದು ಕೊಡು ಮಾರಾಯ."

"ಇಲ್ಲೆ. ಫೋನ್‌ಬುಕ್ ನೋಡ್ಲಾ ಕೇಳ್ತು, ಬೇಡ ಒತ್ತಿದ್ದಿ. ಮೆಸೇಜ್ ನೋಡ್ಲಾ ಕೇಳ್ತು, ಅದ್ಕೂ ಬೇಡ. ಇವು ನಂಬ್ತ್ವಿಲ್ಲೆ," ಎಂದರು ಅಕ್ಕ, ಗಂಡನನ್ನು ತೋರಿಸಿ.

ಸೆಟ್ಟಿಂಗ್ ತೆಗೆದು ನೋಡಿದೆ. ಆ ಆ್ಯಪ್‌ಗೆ ಎಲ್ಲ ಅನುಮತಿಯೂ ಸಿಕ್ಕಿತ್ತು. ಯಾರೂ ಒತ್ತದೆ ಹೀಗಾಗುವುದು ಹೇಗೆ? ನಾನೂ ಗಂಡನ ಕಡೆಗೇ ವಾಲಿದೆ. ಆದರೂ ಯಲ್ಲಾಪುರದಲ್ಲಿ ಫೋನ್ ರಿಪೇರಿ ಮಾಡುವ ಗೆಳೆಯನಿಗೆ ಕರೆ ಮಾಡಿ, ಮಾಡೆಲ್ ಹೇಳಿದೆ.

"ಅದರ ಒಳಗಿನ ಸಾಫ್ಟ್‌ವೇರಲ್ಲೇ ತೂತು ಉಂಟು ಮಾರಾಯಾ," ಎಂದ. "ಕಳ್ಳ ಆ್ಯಪ್‌ಗೆ ಜಗುಲಿ ಮೇಲೆ ಕೂರ್ಲಿಕ್ಕೆ ಜಾಗ ಕೊಟ್ರೆ ಸಾಕು, ಯಾರನ್ನೂ ಕೇಳದೆ ಒಳಗೆ ಹೋಗಿ ಯಜಮಾನ ಆಗಿ ಕೂತ್ಕೊಳ್ತದೆ. ಆಮೇಲೆ ನೀ ಬೇಡ ಅಂದದ್ದನ್ನ ಅದೇ ಹೂಂ ಅಂತ ತಿದ್ಕೊಳ್ತದೆ. ತೂತು ಮುಚ್ಚೋ ಅಪ್‌ಡೇಟ್ ಯಾವಾಗ್ಲೋ ಬಂದಾಗಿದೆ. ಹಾಕ್ಲಿಲ್ವಾ?"

ಹಾಕಿರಲಿಲ್ಲ. ಹಾಕಬೇಡಿ ಎಂದವನು ನಾನು.

ಗಲ್ಲಾದ ಮುಂದೆ ತಪ್ಪು ಒಪ್ಪಿಕೊಳ್ಳಬಾರದು ಎಂಬುದೂ ನನ್ನ ವ್ಯಾಪಾರದ ಒಂದು ಪಾಠ. ಅವತ್ತು ಅದನ್ನು ಮುರಿದೆ. "ಅಕ್ಕಂದು ಒಂದಿಷ್ಟೂ ತಪ್ಪಿಲ್ಲ. ಅಪ್‌ಡೇಟ್ ಬೇಡ ಅಂದದ್ದು ನಾನು, ಅದಕ್ಕೇ ಹೀಗಾಯ್ತು," ಎಂದು ಗಂಡನಿಗೆ ಬಿಡಿಸಿ ಹೇಳಿದೆ, ಜಗುಲಿ, ಯಜಮಾನ ಎಲ್ಲ ಸೇರಿಸಿ.

ಅವರು ನಕ್ಕರು. "ನೀ ಹಿಂಗೇ ಹೇಳವು. ದೊಡ್ಡ ಫೋನಿನ ಗಿರಾಕಿ ಕೈ ಬಿಟ್ಟು ಹೋಗ್ತು ಹೇಳಿ ಹೆದ್ರಿಕೆ ನಿಂಗೆ."

"ಎಲ್ಲ ಅಳಿಸಿ, ಅಪ್‌ಡೇಟ್ ಹಾಕಿ, ಪುಕ್ಕಟೆ ಸರಿ ಮಾಡಿ ಕೊಡ್ತೇನೆ."

"ಪುಕ್ಕಟೆ? ನೀನು?" ಈಗಂತೂ ಅವರ ಅನುಮಾನ ಗಟ್ಟಿಯಾಯಿತು.

ಮೈ ಉರಿಯಿತು. ಇಷ್ಟು ವರ್ಷ ಸುಳ್ಳಿಗೆ ಸಕ್ಕರೆ ಹಚ್ಚಿ ಮಾರಿದಾಗೆಲ್ಲ ತಲೆಯಾಡಿಸಿ ಕೊಂಡ ಜನ, ಒಂದು ನಿಜ ಇಟ್ಟರೆ ತಿರುವಿ ಹಾಕಿ ನೋಡುತ್ತಾರೆ! ನನ್ನಂತೆ ಅಂಗಡಿ ಇಡುವವರಿಗೆ ಒಂದೇ ಮಾತು: ಒಂದಿಷ್ಟು ನಂಬಿಕೆಯನ್ನು ಖರ್ಚು ಮಾಡದೆ ಇಟ್ಟುಕೊಳ್ಳಿ, ಬೇಕಾದ ದಿನ ಎಲ್ಲಿಯೂ ಕಡ ಸಿಗುವುದಿಲ್ಲ.

ಬಟನ್ ಫೋನ್ ತೆಗೆದು ಕೊಟ್ಟೆ. ಗಂಡ ಚೌಕಾಶಿಗೆ ನಿಂತರು. ನಾನು ಎದುರಾಡದೆ ಕೇಳಿದ ಬೆಲೆಗೆ ಬಿಟ್ಟೆ. ಅದನ್ನೂ ತಿರುಗಿಸಿ ತಿರುಗಿಸಿ ನೋಡಿದರು.

ಗಂಡ ಹೊರಗೆ ಸ್ಕೂಟರ್ ತಿರುಗಿಸುವಾಗ ಅಕ್ಕ ಮೇಜಿನ ಬಳಿ ನಿಂತರು. "ನೀ ಹೇಳಿದ್ದು ಖರೆ ಹೇಳಿ ಎಂಗೆ ಗೊತ್ತಿದ್ದು ತಮಾ. ಆದ್ರೆ ಎಂಗೆ ಗೊತ್ತಿದ್ರೆ ಸಾಲ್ತಿಲ್ಲೆ."

ಆಮೇಲೆ ಬಟನ್ ಫೋನನ್ನು ಎತ್ತಿ ಹಿಡಿದು, ಗಂಡನಿಗೂ ಕೇಳುವಷ್ಟು ಗಟ್ಟಿಯಾಗಿ ಕೇಳಿದರು:

"ಇದ್ರಲ್ಲಿ ಹಪ್ಪಳದ ಫೋಟೊ ಕಳಿಸ್ಲಾಗ್ತಾ?"

"ಇಲ್ಲೆ ಅಕ್ಕಾ," ಎಂದೆ.